ಆಟಕ್ಕುಂಟು ಲೆಕ್ಕಕ್ಕಿಲ್ಲ: ಶಾಲಾ ಮಕ್ಕಳ ಗುಂಪುಗಳಲ್ಲಿ ಹೆಸರಿಡುವ ಅಧಿಕಾರ
(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಡುನುಡಿಯನ್ನು ಅನುಲಕ್ಷಿಸಿ)

1

ಶಾಲಾ ಮಕ್ಕಳ ಗುಂಪುಗಳ ಒಳಗೆ ಕೆಲಸ ಮಾಡುವ ಅಧಿಕಾರ ಸಂಬಂಧಗಳನ್ನು ಕುರಿತು ಮನಶ್ಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳಲ್ಲಿ ವಿಸ್ತಾರವಾದ ಚರ್ಚೆ ನಡೆದಿದೆ. ಒಂದು ಮಗುವಿನ ಮೇಲೆ ಅದಕ್ಕಿಂತ ಬಲವುಳ್ಳ ಮತ್ತೊಂದು ಮಗು ಅಥವಾ ಗುಂಪು ಮತ್ತೆ ಮತ್ತೆ ನಡೆಸುವ ಪೀಡನೆಯನ್ನು ನಾರ್ವೆಯಲ್ಲಿ ನೆಲೆಸಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್ 1970ರ ದಶಕದಿಂದ ಕ್ರಮಬದ್ಧವಾಗಿ ಅಧ್ಯಯನ ಮಾಡಿದರು. ಅನಂತರ ಈ ವಸ್ತು ಜಗತ್ತಿನ ಅನೇಕ ದೇಶಗಳ ಶಾಲೆಗಳನ್ನು ಪ್ರವೇಶಿಸಿತು. ಕನ್ನಡ ಅಧ್ಯಯನದ ಮಟ್ಟಿಗೆ ಹೇಳುವುದಾದರೆ, ಮಕ್ಕಳ ಆಟಗಳನ್ನೂ ಹಾಡುಗಳನ್ನೂ ನಮ್ಮ ಜಾನಪದ ಸಂಗ್ರಾಹಕರು ಪ್ರೀತಿಯಿಂದ ಕೂಡಿಹಾಕಿದ್ದಾರೆ. ಆಟದ ನಿಯಮ, ಬೇಕಾಗುವ ಸಾಮಗ್ರಿ, ಆಡುವವರ ಸಂಖ್ಯೆ ಇವೆಲ್ಲ ಅಲ್ಲಿ ದೊರೆಯುತ್ತವೆ. ಆದರೆ ಆ ದಿನ ಆಟಕ್ಕೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅಂಥ ಸಂಗ್ರಹಗಳಲ್ಲಿ ಬರುವುದು ವಿರಳ. ಬಾಲ್ಯವನ್ನು ಮುಗ್ಧತೆಯ ಕಾಲವೆಂದು ಭಾವಿಸುವ ನಮ್ಮ ಅಭ್ಯಾಸವೇ ಇದಕ್ಕೆ ಕಾರಣವಿರಬಹುದು. ಆ ಅಭ್ಯಾಸವುಳ್ಳವರು ತಮ್ಮ ಶಾಲೆಯ ದಿನಗಳನ್ನು ಪೂರ್ತಿಯಾಗಿ ಮರೆತವರೇ ಆಗಿರಬೇಕು.

ಮೊದಲು ಪದಗಳನ್ನು ಗಮನಿಸೋಣ. ಇಂಗ್ಲಿಷಿನವರು 'ಬುಲ್ಲಿಯಿಂಗ್' ಎನ್ನುವುದಕ್ಕೆ ಪತ್ರಿಕೆಗಳು 'ಪೀಡನೆ', 'ಕಿರುಕುಳ' ಎಂದು ಬರೆಯುತ್ತವೆ. ಮಕ್ಕಳು ಈ ಎರಡನ್ನೂ ಬಳಸುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಗು ಮನೆಗೆ ಬಂದು ತಾಯಿಯ ಬಳಿ ಹೇಳುವ ಮಾತು 'ನನ್ನ ರೇಗುಸ್ತಾರೆ' ಎಂಬುದು. ಈ ಕ್ರಿಯಾಪದದ ರಚನೆ ಕುತೂಹಲಕರವಾಗಿದೆ. 'ರೇಗು' ಎಂದರೆ ಸಿಟ್ಟಾಗು. 'ರೇಗಿಸು' ಅದರ ಪ್ರೇರಣಾರ್ಥಕ ರೂಪ. ರೇಗಿಸುವ ಕ್ರಿಯೆ ಪೂರ್ಣವಾಗಬೇಕಾದರೆ ಎದುರಿನವನು ರೇಗಬೇಕು. ರೇಗದಿದ್ದರೆ ವ್ಯಾಕರಣದ ಪ್ರಕಾರ ಅದು ನಡೆದೇ ಇಲ್ಲ. 'ನೀನು ರೇಗಿದ್ರೆ ತಾನೆ ಅವ್ರು ರೇಗ್ಸೋದು, ಸುಮ್ನಿರು' ಎಂದು ಹಿರಿಯರು ಹೇಳುವ ಬುದ್ಧಿಮಾತು ಈ ಕ್ರಿಯಾಪದದೊಳಗೇ ಅಡಗಿದೆ. ತಪ್ಪಿನ ಅರ್ಧಪಾಲನ್ನು ಭಾಷೆಯೇ ಅನುಭವಿಸುವವನ ತಲೆಗೆ ಕಟ್ಟಿಬಿಟ್ಟಿದೆ.

ಇದಕ್ಕೆ ಪ್ರತಿಯಾಗಿ 'ಗೋಳು ಹೊಯ್ದುಕೊಳ್ಳು' ಎಂಬ ಪ್ರಯೋಗವಿದೆ. ಇಲ್ಲಿನ '-ಕೊಳ್ಳು' ಎಂಬ ಸಹಾಯಕ ಕ್ರಿಯಾಪದವು ಕ್ರಿಯೆಯ ಫಲ ಮಾಡುವವನಿಗೇ ಸಲ್ಲುತ್ತದೆಂದು ಸೂಚಿಸುತ್ತದೆ. ಬರೆದುಕೊಳ್ಳು, ಇಟ್ಟುಕೊಳ್ಳು ಎನ್ನುವಂತೆ ಗೋಳು ಹೊಯ್ದುಕೊಳ್ಳುವವನಿಗೂ ಅದರಿಂದ ಏನೋ ದಕ್ಕುತ್ತದೆ. 'ಸೇರಿಸು' ಮತ್ತು 'ಸೇರಿಸಿಕೊಳ್ಳು' ಎಂಬ ರೂಪಗಳ ಅಂತರವೂ ಇಂಥದೇ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಮೇಷ್ಟರು ಹುಡುಗನನ್ನು ತರಗತಿಗೆ ಸೇರಿಸಬಹುದು, ಆದರೆ ಅವನನ್ನು ಸೇರಿಸಿಕೊಳ್ಳಬೇಕಾದವರು ಮಕ್ಕಳು. ಏನು ದಕ್ಕುತ್ತದೆ, ಯಾರ ಕೈಯಿಂದ ಯಾರಿಗೆ ದಕ್ಕುತ್ತದೆ ಎಂಬುದು ಈ ಲೇಖನದ ವಿಚಾರ. ಮಕ್ಕಳ ಗುಂಪಿನಲ್ಲಿ ಕೈಬಲಕ್ಕಿಂತ ಹೆಸರಿಡುವ ಬಲವೇ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ಆ ಹೆಸರುಗಳಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವವರಲ್ಲಿ ಕನ್ನಡ ಪಾಠ ಮಾಡುವ ನಾವೂ ಇದ್ದೇವೆ ಎಂಬುದು ಅದರ ಮುಂದುವರಿಕೆ.

2

ಅಧ್ಯಯನದ ಪ್ರದೇಶವನ್ನು ಕುರಿತು ಕೆಲವು ಮಾತು. ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ರೂಪುಗೊಂಡಿತು. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 9.9 ಲಕ್ಷ. ದೊಡ್ಡಬಳ್ಳಾಪುರ ನೇಕಾರಿಕೆಯ ಊರು. ಅಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಹೊಸಬರಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಕುಟುಂಬಗಳ ದಖನಿ ಉರ್ದುವಿದೆ. ಹೊಸಕೋಟೆಯ ಕಡೆ ತೆಲುಗಿನ ಜೊತೆಗೆ ತಮಿಳೂ ಕಿವಿಗೆ ಬೀಳುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಜಮೀನಿನ ಬೆಲೆಯೂ ಜಮೀನು ಮಾರಿದವರ ಮತ್ತು ಮಾರದವರ ನಡುವಿನ ಅಂತರವೂ ಒಟ್ಟಿಗೇ ಏರಿದವು. ಇಂಗ್ಲಿಷ್ ಮಾಧ್ಯಮದ ಶಾಲೆಗಳ ಹಳದಿ ವ್ಯಾನುಗಳು ಹೋಬಳಿ ಮಟ್ಟಕ್ಕೂ ಬಂದವು. ಒಂದೇ ಊರಿನ, ಒಂದೇ ಕೇರಿಯ ಮಕ್ಕಳು ಬೆಳಿಗ್ಗೆ ಎಂಟರ ಹೊತ್ತಿಗೆ ವ್ಯಾನಿಗೆ ಕಾಯುವವರು, ನಡೆದುಹೋಗುವವರು ಎಂದು ಎರಡಾಗುವುದನ್ನು ಯಾವ ಹಳ್ಳಿಯಲ್ಲಾದರೂ ನೋಡಬಹುದು.

ಹೆಸರಿನ ವಿಷಯವನ್ನೇ ಹೇಳುತ್ತಿರುವುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ದಾಖಲಿಸಬಹುದು. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆಯು ಈ ಜಿಲ್ಲೆಯನ್ನು 'ಬೆಂಗಳೂರು ಉತ್ತರ' ಎಂದು ಕರೆಯಲು ತೀರ್ಮಾನಿಸಿತು. 'ಗ್ರಾಮಾಂತರ' ಎಂಬ ವಿಶೇಷಣ ಯಾರಿಗೆ ಭಾರವಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಯಲಹಂಕದ ಕಡೆಗೆ ಓದಲು ಹೋಗುವ ಇಲ್ಲಿನ ಹುಡುಗರಿಗೆ 'ಹಳ್ಳಿ ಗುಗ್ಗು' ಎಂಬ ಬಿರುದು ಬಹಳ ಹಿಂದಿನಿಂದಲೂ ಸಲ್ಲುತ್ತ ಬಂದಿದೆ.

3

ಅಧಿಕಾರವನ್ನು ಕುರಿತ ಲೇಖನವನ್ನು ಫೂಕೋನಿಂದ ಆರಂಭಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮಕ್ಕಳ ಆಟದ ಬಯಲಿನಲ್ಲಿ ಅದಕ್ಕಿಂತ ಹತ್ತಿರದ ಪರಿಭಾಷೆ ಸಿಗುವುದರಿಂದ ಅಲ್ಲಿಂದಲೇ ಹೊರಡುತ್ತೇನೆ.

'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಮಾತನ್ನು ನಾವು ದೊಡ್ಡವರ ಸಭೆ ಸಮಿತಿಗಳ ಬಗ್ಗೆ ಬಳಸುತ್ತೇವೆ. ಅದರ ಹುಟ್ಟು ಆಟದ ಬಯಲಿನಲ್ಲಿ. ಅಕ್ಕನೊಂದಿಗೆ ಬಂದ ಪುಟ್ಟ ತಮ್ಮ ತನ್ನನ್ನೂ ಸೇರಿಸಿಕೊಳ್ಳಿರೆಂದು ಹಟ ಹಿಡಿದಾಗ ಅವನನ್ನು ಓಡಲು ಬಿಡುತ್ತಾರೆ. ಅವನು ಸಿಕ್ಕಿಬಿದ್ದರೆ ಔಟ್ ಅಲ್ಲ, ಅವನು ಮುಟ್ಟಿದರೆ ಯಾರೂ ಔಟ್ ಆಗುವುದಿಲ್ಲ. ಇದು ಮೂಲತಃ ಕರುಣೆಯ ನಿಯಮ. ಚಿಕ್ಕವನ ಮೊಣಕಾಲು ಒಡೆಯದಂತೆಯೂ ಅವನ ಮನಸ್ಸು ಮುರಿಯದಂತೆಯೂ ಮಕ್ಕಳು ತಾವೇ ಕಂಡುಕೊಂಡ ವ್ಯವಸ್ಥೆ. ಆದರೆ ಇದೇ ನಿಯಮವನ್ನು ಸಮವಯಸ್ಕನಿಗೆ ಅನ್ವಯಿಸಿದಾಗ ಅದು ಶಿಕ್ಷೆಯಾಗುತ್ತದೆ. ಏಳನೆಯ ತರಗತಿಯ ಹುಡುಗನೊಬ್ಬನನ್ನು ಕಬಡ್ಡಿಗೆ ಕರೆದು, ಅವನು ಎದುರಾಳಿಯನ್ನು ಮುಟ್ಟಿ ಬಂದಾಗ ಯಾರೂ ಹೊರಗೆ ಹೋಗದಿದ್ದರೆ, ಅವನಿಗೆ ತನ್ನ ಸ್ಥಾನ ತಿಳಿಯುತ್ತದೆ. ಅವನನ್ನು ಯಾರೂ ಹೊಡೆದಿಲ್ಲ, ಬೈದಿಲ್ಲ. ದೂರು ಕೊಡಲು ಅವನಲ್ಲಿ ಏನೂ ಇಲ್ಲ.

ತಂಡಗಳನ್ನು ವಿಂಗಡಿಸುವ ಹಳೆಯ ಪದ್ಧತಿಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರು ನಾಯಕರು ಒಂದೆಡೆ ನಿಲ್ಲುತ್ತಾರೆ. ಉಳಿದ ಮಕ್ಕಳು ಹೆಚ್ಚುಕಡಿಮೆ ಸಮಬಲದವರು ಇಬ್ಬಿಬ್ಬರಾಗಿ ಜೋಡಿ ಕಟ್ಟಿ, ದೂರ ಹೋಗಿ, ಗುಟ್ಟಿನಲ್ಲಿ ಹೆಸರಿಟ್ಟುಕೊಂಡು ಬರುತ್ತಾರೆ. ಒಬ್ಬ ಚಿನ್ನ, ಇನ್ನೊಬ್ಬ ಬೆಳ್ಳಿ. ಅಥವಾ ಒಬ್ಬ ಸೂರ್ಯ, ಇನ್ನೊಬ್ಬ ಚಂದ್ರ. 'ಚಿನ್ನ ಬೇಕೋ ಬೆಳ್ಳಿ ಬೇಕೋ' ಎಂದು ಕೇಳಿದಾಗ ನಾಯಕನು ಹೆಸರನ್ನು ಆರಿಸುತ್ತಾನೆಯೇ ಹೊರತು ಹುಡುಗನನ್ನಲ್ಲ. ಕಟ್ಟಕಡೆಗೆ ಉಳಿದವನು ಎಂಬ ಅವಮಾನ ಯಾರಿಗೂ ಆಗುವುದಿಲ್ಲ. ಇಲ್ಲಿ ಹೆಸರು ಗುರುತನ್ನು ಮರೆಮಾಡುವ ಸಾಧನ. ನಾಯಕನ ಆಯ್ಕೆಯ ಅಧಿಕಾರವನ್ನು ಕಿತ್ತುಕೊಳ್ಳುವ ಉಪಾಯ. ನಾಯಕರು ಸರದಿಯಂತೆ 'ನನಗೆ ಇವನು, ನನಗೆ ಅವನು' ಎಂದು ಬೆರಳು ತೋರಿ ಆರಿಸುವ ಕ್ರಮ ಶಾಲೆಯ ಆಟದ ಪೀರಿಯಡ್‌ನಲ್ಲಿ ಸಾಮಾನ್ಯ. ಅದು ಬೇಗ ಮುಗಿಯುತ್ತದೆ ನಿಜ. ಕೊನೆಗೆ ಉಳಿಯುವ ಇಬ್ಬರು ಮೂವರು ಪ್ರತಿ ವಾರವೂ ಅವರೇ ಆಗಿರುತ್ತಾರೆ ಎಂಬುದನ್ನು ದೈಹಿಕ ಶಿಕ್ಷಕರನ್ನು ಕೇಳಿದರೆ ಹೆಸರು ಸಹಿತ ಹೇಳಬಲ್ಲರು.

ಬ್ರಿಟನ್ನಿನ ಅಯೋನಾ ಮತ್ತು ಪೀಟರ್ ಓಪೀ ದಂಪತಿಗಳು ಸುಮಾರು 5,000 ಶಾಲಾ ಮಕ್ಕಳಿಂದ ಸಂಗ್ರಹಿಸಿದ ನುಡಿಸಾಮಗ್ರಿಯನ್ನು 1959ರಲ್ಲಿ ಪ್ರಕಟಿಸಿದರು. ಆಟದ ನಡುವೆ ವಿರಾಮ ಬೇಡುವ ಪದಗಳು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು ಅವರು ತೋರಿಸಿದ್ದಾರೆ. ನಮ್ಮಲ್ಲಿ 'ಟೈಂಪ್ಲೀಸ್' ಎಂಬ ಪದ ಆ ಕೆಲಸ ಮಾಡುತ್ತದೆ. ಚಡ್ಡಿಯ ಗುಂಡಿ ಕಿತ್ತುಹೋದರೂ ಕಾಲಿಗೆ ಮುಳ್ಳು ಚುಚ್ಚಿದರೂ 'ಟೈಂಪ್ಲೀಸ್' ಎಂದವನನ್ನು ಮುಟ್ಟುವಂತಿಲ್ಲ. ಈ ಪದಕ್ಕೆ ಬೆಲೆ ಇರುವುದು ಲೆಕ್ಕದಲ್ಲಿರುವವರಿಗೆ. ಲೆಕ್ಕಕ್ಕಿಲ್ಲದವನು ಅದನ್ನು ಹೇಳಿದರೆ ನಗು ಬರುತ್ತದೆ. ಇನ್ನು ಅಡ್ಡಹೆಸರಿನ ಎದುರು ಯಾರು 'ಟೈಂಪ್ಲೀಸ್' ಎಂದರೂ ನಡೆಯುವುದಿಲ್ಲ.

ಗುಂಪಿನಿಂದ ಹೊರಗಿಡುವುದಕ್ಕೂ ಪದಗಳಿವೆ. ಚಿಕ್ಕ ತರಗತಿಗಳಲ್ಲಿ 'ಠೂ ಬಿಡುವುದು' ಸಂಜೆಯ ಹೊತ್ತಿಗೆ ಮುಗಿದುಹೋಗುವ ವ್ಯವಹಾರ. ಐದು ಆರನೆಯ ತರಗತಿಯ ಹೊತ್ತಿಗೆ ಅದು 'ಮಾತು ಬಿಡುವುದು' ಎಂಬ ಗಂಭೀರ ರೂಪ ತಾಳುತ್ತದೆ. ಮಾತು ಬಿಟ್ಟವರ ನಡುವೆ ಸುದ್ದಿ ಒಯ್ಯಲು ಮಧ್ಯಸ್ಥರಿರುತ್ತಾರೆ. 'ಅವಳ ಜೊತೆ ಮಾತಾಡಿದರೆ ನಿನ್ನ ಜೊತೆಯೂ ಬಿಡುತ್ತೇವೆ' ಎಂಬ ಎಚ್ಚರಿಕೆ ಇರುತ್ತದೆ. ಮರಳಿ ಸೇರಬೇಕಾದರೆ ಯಾವುದಾದರೊಂದು ಕಾಣಿಕೆ, ಬಹಳ ಸಲ ಕಡಲೆಮಿಠಾಯಿ ಅಥವಾ ಉಪ್ಪುಖಾರ ಹಾಕಿದ ಮಾವಿನಕಾಯಿ, ಸಲ್ಲಬೇಕಾಗುತ್ತದೆ. ಊರಿನ ಬಹಿಷ್ಕಾರದ ಸಂಪ್ರದಾಯ ಬಲ್ಲವರಿಗೆ ಈ ಮೂರೂ ಅಂಗಗಳು ಪರಿಚಿತವೇ: ಮಾತಿನ ನಿಷೇಧ, ನಿಷೇಧ ಮುರಿದವರಿಗೂ ಅದೇ ದಂಡನೆ, ತಪ್ಪುಕಾಣಿಕೆ. ಮಕ್ಕಳು ಇದನ್ನು ಹಿರಿಯರಿಂದಲೇ ಕಲಿತರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ಎರಡು ಸಂಸ್ಥೆಗಳ ವ್ಯಾಕರಣ ಒಂದೇ.

4

ಅಡ್ಡಹೆಸರುಗಳ ವಿಂಗಡಣೆ ಸುಲಭ. ಕುಳ್ಳ, ಡುಮ್ಮ, ಸೋಡಾಬುಡ್ಡಿ, ಕರಿಯ ಎಂಬ ದೇಹದ ಹೆಸರುಗಳು, ತಂದೆಯ ಕಸುಬಿನಿಂದ ಬಂದವು, ಊರಿನಿಂದ ಬಂದವು, ಎಂದೋ ಒಮ್ಮೆ ನಡೆದ ಪ್ರಸಂಗದಿಂದ ಅಂಟಿಕೊಂಡವು. ಈ ಪಟ್ಟಿಯನ್ನು ಬೆಳೆಸುತ್ತ ಹೋಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೆಸರು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು ಮುಖ್ಯ. ಅಮೆರಿಕದ ಸಮಾಜಭಾಷಾವಿಜ್ಞಾನಿ ವಿಲಿಯಂ ಲೆಬೊವ್ 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಂ ಪ್ರದೇಶದ ಕರಿಯ ಹುಡುಗರ ಗುಂಪುಗಳಲ್ಲಿ ಬೈಗುಳದ ಪಂದ್ಯಗಳನ್ನು ಅಧ್ಯಯನ ಮಾಡಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸಿದರು. ಪಂದ್ಯದ ಬೈಗುಳ ಸುಳ್ಳೆಂದು ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಉತ್ತರ ಇನ್ನೊಂದು, ಮತ್ತಷ್ಟು ದೊಡ್ಡ ಬೈಗುಳ. ಬೈಗುಳ ನಿಜಸಂಗತಿಯನ್ನು ಮುಟ್ಟಿದೊಡನೆ ಆಟ ನಿಲ್ಲುತ್ತದೆ. ಬೈಸಿಕೊಂಡವನು ಉತ್ತರ ಕೊಡುವುದನ್ನು ಬಿಟ್ಟು ಅಲ್ಲಗಳೆಯಲು ತೊಡಗುತ್ತಾನೆ. ಈ ಪರೀಕ್ಷೆಯನ್ನು ನಮ್ಮ ಅಡ್ಡಹೆಸರುಗಳಿಗೂ ಒಡ್ಡಬಹುದು. ಬಡಕಲು ಹುಡುಗನನ್ನು 'ಪೈಲ್ವಾನ್' ಎಂದರೆ ಅವನು ತೋಳು ಮಡಚಿ ತೋರಿಸಿ ನಗುತ್ತಾನೆ. ಅಪ್ಪ ಕುಡಿದು ರಸ್ತೆಯಲ್ಲಿ ಬಿದ್ದ ಮರುದಿನ ಅಪ್ಪನ ನಡಿಗೆಯನ್ನು ಅಣಕಿಸಿ ಹೆಸರಿಟ್ಟರೆ ನಗಲಾರ. ಮೇಷ್ಟರ ಕಿವಿಗೆ ಎರಡೂ ಒಂದೇ ರೀತಿಯ ಗದ್ದಲವಾಗಿ ಕೇಳಿಸುತ್ತವೆ.

ಸಂಬೋಧನೆಯಲ್ಲೂ ಇದೇ ಅಸಮತೆ ಇದೆ. 'ಮಗಾ', 'ಮಚ್ಚಾ' ಎಂಬವು ಎರಡೂ ಕಡೆಯಿಂದ ಬಂದರೆ ಸ್ನೇಹದ ಪದಗಳು. 'ಲೇ' ಎಂದು ಕರೆದವನನ್ನು ತಿರುಗಿ 'ಲೇ' ಎನ್ನಲಾಗದೆ 'ಹೇಳಣ್ಣ' ಎನ್ನಬೇಕಾಗಿ ಬಂದರೆ ಅಲ್ಲಿ ಸಂಬಂಧ ನಿಷ್ಕರ್ಷೆಯಾಯಿತು. ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನಿಗೆ 'ಅಣ್ಣ' ಎನ್ನುವುದನ್ನು ಕೇಳಿದಾಗ, ಆ ಅಣ್ಣತನ ಎಲ್ಲಿಂದ ಬಂತೆಂದು ಯೋಚಿಸಬೇಕು. ಬಲಿಷ್ಠನ ಹಿಂದೆ ಸುತ್ತುವವನಿಗೆ 'ಬಾಲ' ಎಂಬ ಹೆಸರಿದೆ. ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೊಲೀಸ್ ಅಧಿಕಾರಿಯ ಮಗ ರಾಜಂ ಶಾಲೆಗೆ ಬಂದ ಮೇಲೆ ಅವನ ಸ್ನೇಹಕ್ಕೆ ಒಲಿದ ಸ್ವಾಮಿಗೆ ಹಳೆಯ ಗೆಳೆಯರು ಇಡುವ ಹೆಸರೂ ಇದೇ. ಬಾಲವಾದವನು ಬಲಿಷ್ಠನಿಂದ ಒಂದಿಷ್ಟು ಬಲ ಪಡೆಯುತ್ತಾನೆ, ಅದಕ್ಕೆ ಬೆಲೆಯಾಗಿ ತನ್ನ ಹೆಸರನ್ನು ಕಳೆದುಕೊಳ್ಳುತ್ತಾನೆ. ರಾಜಂನ ಶಕ್ತಿಯ ಮೂಲಗಳಾದ ತಂದೆಯ ಹುದ್ದೆ, ಒಳ್ಳೆಯ ಬಟ್ಟೆ, ಸರಾಗವಾದ ಇಂಗ್ಲಿಷ್ ಇವೆಲ್ಲ ತರಗತಿಯ ಹೊರಗೆ ಸಿದ್ಧವಾಗಿ ಬಂದವು. ಈ ಮಾತು ಇಂದಿನ ದೇವನಹಳ್ಳಿಗೂ ಹೊಂದುತ್ತದೆ, ಹುದ್ದೆಯ ಜಾಗದಲ್ಲಿ ಜಮೀನು ಮಾರಿದ ಹಣ ಬಂದಿದೆ ಅಷ್ಟೆ.

ಜಾತಿಯ ಹೆಸರನ್ನು ನೇರವಾಗಿ ಹೇಳಿ ರೇಗಿಸುವುದು ಅಪಾಯವೆಂದು ಮಕ್ಕಳೂ ಬಲ್ಲರು. ಆದ್ದರಿಂದ ಜಾತಿಯು ಬೇರೆ ಪದಗಳ ಬೆನ್ನೇರಿ ಬರುತ್ತದೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಸರ್ಕಾರದ ಸವಲತ್ತು ಪಡೆಯುವ ದಲಿತ ವಿದ್ಯಾರ್ಥಿಗಳನ್ನು ಕುರಿತ ಕುಹಕದ ಮಾತು ಅದು. ಇತರರು ಇಟ್ಟ ಹೆಸರನ್ನು ತಾನೇ ಪುಸ್ತಕದ ಮುಖಪುಟಕ್ಕೆ ಎತ್ತಿಕೊಂಡಾಗ ಹೆಸರಿಡುವ ಅಧಿಕಾರ ಕೈ ಬದಲಾಯಿಸುತ್ತದೆ. ಆ ಪುಸ್ತಕವನ್ನು ನಾವು ಸ್ನಾತಕೋತ್ತರ ತರಗತಿಗಳಲ್ಲಿ ಪಾಠ ಮಾಡಿದ್ದೇವೆ. ಈ ಶೀರ್ಷಿಕೆಯ ಮೊದಲ ಪದ ನಮ್ಮ ಜಿಲ್ಲೆಯ ಬೀದಿಗಳಲ್ಲಿ ಇನ್ನೊಂದು ಜೀವನ ನಡೆಸುತ್ತಿರುವುದನ್ನು ಗಮನಿಸಿದವರು ಕಡಿಮೆ. ವ್ಯಾನಿಗೆ ಕಾಯುವ ಮಕ್ಕಳು ನಡೆದುಹೋಗುವ ಮಕ್ಕಳನ್ನು 'ಗೌರ್ಮೆಂಟು' ಎಂದು ಕರೆಯುತ್ತಾರೆ. 'ಗೌರ್ಮೆಂಟ್ ಸ್ಕೂಲ್' ಎಂಬುದರ ಸಂಕ್ಷಿಪ್ತ ರೂಪವಾಗಿ ಇದು ನಿರಪಾಯವೆಂದು ತೋರುತ್ತದೆ. ಆದರೆ ಸರ್ಕಾರಿ ಶಾಲೆಯಲ್ಲಿ ಇಂದು ಉಳಿದಿರುವವರು ಯಾರ ಮಕ್ಕಳೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಆ ಪದ ಬಡತನವನ್ನೂ ಜಾತಿಯನ್ನೂ ಒಟ್ಟಿಗೇ ಹೇಳಿ ಮುಗಿಸುತ್ತದೆ.

ಖಾಸಗಿ ಶಾಲೆಯ ಒಳಗೂ ಇಂಥ ಗೆರೆ ಎಳೆದದ್ದುಂಟು. ಶಿಕ್ಷಣ ಹಕ್ಕು ಕಾಯ್ದೆಯಡಿ 25 ಶೇಕಡಾ ಸೀಟುಗಳಿಗೆ 2012ರಿಂದ ಕರ್ನಾಟಕದಲ್ಲಿ ಪ್ರವೇಶ ಆರಂಭವಾಯಿತು. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಹೀಗೆ ಸೇರಿದ ಮಕ್ಕಳನ್ನು ಗುರುತಿಸಲು ಅವರ ಕೂದಲನ್ನು ಕತ್ತರಿಸಲಾಯಿತೆಂಬ ಆರೋಪ ಪತ್ರಿಕೆಗಳಲ್ಲಿ ಬಂದಿತು. ಕೂದಲು ಬೆಳೆಯುತ್ತದೆ. 'ಆರ್‌ಟಿಇ' ಎಂಬ ಮೂರಕ್ಷರ ಮಕ್ಕಳ ಬಾಯಿಯಲ್ಲಿ ಹೆಸರಾಗಿ ನಿಂತಿತು. 2019ರ ನಿಯಮ ಬದಲಾವಣೆಯ ನಂತರ ಆ ಸೀಟುಗಳು ರಾಜ್ಯದಲ್ಲಿ ಬಹಳ ಕಡಿಮೆಯಾದವು. ಕಾಯ್ದೆಯ ಹೆಸರೊಂದು ಬೈಗುಳವಾದ ಈ ಪರಿ ಅರ್ಥವಿಕಾಸದ ಪಾಠಕ್ಕೆ ಒಳ್ಳೆಯ ಉದಾಹರಣೆ, ಆದರೆ ತರಗತಿಯಲ್ಲಿ ಕೊಡಲು ನನಗೆ ಧೈರ್ಯವಾಗಿಲ್ಲ.

ಕಾನೂನು ಈ ಮಟ್ಟಕ್ಕೆ ಇಳಿಯಲಾರದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು 'ರ‍್ಯಾಗಿಂಗ್' ಎಂಬುದನ್ನು ವ್ಯಾಖ್ಯಾನಿಸುವಾಗ ವಿದ್ಯಾರ್ಥಿಯನ್ನು ನಗೆಪಾಟಲಿಗೆ ಗುರಿಮಾಡುವುದನ್ನೂ ಹೆಸರಿಸುತ್ತದೆ. ಆದರೆ ಅದರ ಜೊತೆಗೆ ಬೆದರಿಕೆ, ತಡೆ, ಹಲ್ಲೆಗಳಂಥ ಬಲಪ್ರಯೋಗ ಇರಬೇಕು. ಮಾತು ಬಿಟ್ಟದ್ದಕ್ಕೆ, ಲೆಕ್ಕಕ್ಕೆ ಹಿಡಿಯದ್ದಕ್ಕೆ ಯಾವ ಕಲಮೂ ಇಲ್ಲ. ಇರಬೇಕೆಂದೂ ನಾನು ಹೇಳುತ್ತಿಲ್ಲ.

5

ಇನ್ನು ತರಗತಿಯ ಒಳಗೆ. ಮೇಷ್ಟರು ಹೊರಗೆ ಹೋಗುವಾಗ ತರಗತಿಯ ಲೀಡರ್ ಕೈಗೆ ಸೀಮೆಸುಣ್ಣ ಕೊಟ್ಟು 'ಮಾತಾಡಿದವರ ಹೆಸರು ಬರೆ' ಎನ್ನುವ ಪದ್ಧತಿ ನಾವೆಲ್ಲ ಕಂಡದ್ದೇ. ಬೋರ್ಡಿನ ಒಂದು ಮೂಲೆಯಲ್ಲಿ ಹೆಸರುಗಳು ಏರುತ್ತವೆ. ಮತ್ತೆ ಮಾತಾಡಿದವರ ಮುಂದೆ ಗುಣಾಕಾರದ ಗುರುತು ಬೀಳುತ್ತದೆ. ಯಾರ ಪಿಸುಮಾತು ಮಾತಾಗುತ್ತದೆ, ಯಾರ ಗದ್ದಲ ಕೇಳಿಸುವುದೇ ಇಲ್ಲ ಎಂಬುದು ಸೀಮೆಸುಣ್ಣ ಹಿಡಿದವರ ವಿವೇಚನೆ. ಹೆಸರು ಅಳಿಸಲು ಪೆನ್ಸಿಲು, ನೆಲ್ಲಿಕಾಯಿ, ಹೋಂವರ್ಕ್ ಇವು ಚಲಾವಣೆಯಲ್ಲಿರುವ ನಾಣ್ಯಗಳು. ಮಕ್ಕಳ ಗುಂಪಿನ ಅಧಿಕಾರ ಶಿಕ್ಷಕರ ಕಣ್ಣುತಪ್ಪಿಸಿ ನಡೆಯುತ್ತದೆಂದು ಭಾವಿಸುವವರು ಈ ದೃಶ್ಯವನ್ನು ನೆನೆಯಬೇಕು. ಇಲ್ಲಿ ಹೆಸರು ಬರೆಯುವ ಅಧಿಕಾರವನ್ನು ನಾವೇ ವಹಿಸಿಕೊಟ್ಟು ಹೋಗಿದ್ದೇವೆ.

ಕನ್ನಡದ ಶಿಕ್ಷಕರು ವಹಿಸಿಕೊಡುವುದು ಇದಕ್ಕಿಂತ ಸೂಕ್ಷ್ಮವಾದದ್ದು. ನನ್ನದೇ ಒಂದು ಪ್ರಸಂಗವನ್ನು ಹೇಳದೆ ಇದನ್ನು ವಿವರಿಸಲಾರೆ. 1990ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕೆಲವು ಕಾಲ ಪಾಠ ಮಾಡಿದೆ. ಎಂಟನೆಯ ತರಗತಿಯಲ್ಲಿ ಗಟ್ಟಿವಾಚನ ನಡೆಯುತ್ತಿತ್ತು. ಒಬ್ಬ ಹುಡುಗ ಎದ್ದು ನಿಂತು 'ಹಕ್ಕಿ ಹಾರಿತು' ಎಂಬುದನ್ನು 'ಅಕ್ಕಿ ಆರಿತು' ಎಂದು ಓದಿದ. ನಾನು 'ಎಲ್ಲಿ ಆರಿತಪ್ಪ, ಕಣದಲ್ಲೋ ಅಂಗಳದಲ್ಲೋ' ಎಂದೆ. ತರಗತಿ ನಕ್ಕಿತು, ನಾನೂ ನಕ್ಕೆ. ಮತ್ತೆ ಓದಿಸಿದೆ, ಅವನು ಮತ್ತೆ 'ಅಕ್ಕಿ' ಎಂದ. ಮೂರನೆಯ ಸಲ ಉಸಿರು ಬಿಗಿಹಿಡಿದು 'ಹಕ್ಕಿ ಹಾರಿತು' ಎಂದವನು ಮುಂದಿನ ಸಾಲಿನ 'ಆಕಾಶ'ವನ್ನು 'ಹಾಕಾಶ' ಮಾಡಿದ. ನಗು ಇಮ್ಮಡಿಯಾಯಿತು. ಆ ಗಂಟೆ ಮುಗಿಯುವುದರೊಳಗೆ ಅವನ ಹೆಸರು 'ಅಕ್ಕಿ' ಎಂದಾಗಿತ್ತು. ಅಂದಿನಿಂದ ತನ್ನ ಸರದಿ ಬಂದಾಗ ಅವನು 'ಕಣ್ಣು ನೋವು ಸಾ' ಎನ್ನುತ್ತಿದ್ದ, ನಾನು ಮುಂದಿನವನಿಗೆ ಓದಲು ಹೇಳುತ್ತಿದ್ದೆ. ಆ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆಟದ ಬಯಲಿನಲ್ಲಿ 'ಓಗು', 'ಆಲು', 'ಅಸು' ಎನ್ನುವವರೇ. ನಕ್ಕವರೂ ಅವರೇ. ಅದಕ್ಕೆ ಕಾರಣ ನನಗೆ ತಡವಾಗಿ ಹೊಳೆಯಿತು: ನಗುವವರ ಗುಂಪಿನಲ್ಲಿ ನಿಂತರೆ ತಾವು 'ಹ'ಕಾರದ ಕಡೆಯವರಾಗುತ್ತೇವೆ ಎಂಬ ಭದ್ರತೆ ಅವರಿಗೆ ಬೇಕಿತ್ತು.

ಇದರಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ಶಾಸ್ತ್ರದ ಭಾಗ. ಹಳಗನ್ನಡದ ಪಕ್ಕಿ, ಪಾಲ್, ಪಾವು, ಪೋಗು ಇವು ನಡುಗನ್ನಡದ ಹೊತ್ತಿಗೆ ಹಕ್ಕಿ, ಹಾಲು, ಹಾವು, ಹೋಗು ಆದವೆಂದು ಪ್ರತಿ ವರ್ಷ ಪಾಠ ಮಾಡುವವರು ನಾವು. ಪ-ಹ ಬದಲಾವಣೆಯ ಮುಂದಿನ ಮೆಟ್ಟಿಲು ಹಕಾರಲೋಪ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ಆಡುನುಡಿ ಆ ಮೆಟ್ಟಿಲನ್ನು ಏರಿ ಬಹಳ ಕಾಲವಾಗಿದೆ. ಆ ಹುಡುಗ 'ಅಕ್ಕಿ' ಎಂದದ್ದು ಉಚ್ಚಾರಣೆಯ ಸೋಮಾರಿತನದಿಂದಲ್ಲ. ಪಕ್ಕಿ, ಹಕ್ಕಿ, ಅಕ್ಕಿ ಎಂಬ ಸರಣಿಯ ಮೂರನೆಯ ರೂಪವನ್ನು ಅವನು ಮನೆಯಿಂದ ತಂದಿದ್ದ. 'ಹಾಕಾಶ'ವಾದರೋ ತಿದ್ದುಪಡಿಗೆ ಹೆದರಿದವನು ಇಲ್ಲದ ಕಡೆಯೂ ಹಕಾರ ಹಚ್ಚುವ, ಭಾಷಾವಿಜ್ಞಾನದಲ್ಲಿ ಅತಿತಿದ್ದುವಿಕೆ ಎಂದು ಕರೆಯುವ ಪ್ರಕ್ರಿಯೆ. ಎರಡನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ನಾನು ತರಗತಿಯಲ್ಲಿ ಅವನ್ನು ಗುರುತಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಡುವಯಸ್ಸಿಗೆ ಸಮೀಪಿಸಿದ ಒಬ್ಬರು ಬಂದು ನಮಸ್ಕರಿಸಿದರು. ನನಗೆ ಗುರುತು ಸಿಗಲಿಲ್ಲ. ಅವರು ತಮ್ಮ ಹೆಸರು ಹೇಳಿದರು, ಆಗಲೂ ಸಿಗಲಿಲ್ಲ. 'ನಾನು ಸಾ, ಅಕ್ಕಿ' ಎಂದರು. ತಕ್ಷಣ ಎಲ್ಲವೂ ನೆನಪಾಯಿತು. ಅವರಲ್ಲಿ ಯಾವ ಕಹಿಯೂ ಕಾಣಲಿಲ್ಲ. ಗೆಳೆಯರೆಲ್ಲ ಈಗಲೂ ಹಾಗೆಯೇ ಕರೆಯುತ್ತಾರೆಂದು ನಕ್ಕರು. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವುದಾಗಿ ಹೇಳಿದರು. 'ಕನ್ನಡದಲ್ಲಾದ್ರೆ ತಪ್ಪಾದಾಗ ಎಲ್ರಿಗೂ ಗೊತ್ತಾಗುತ್ತೆ ಸಾ, ಇಂಗ್ಲಿಷಲ್ಲಾದ್ರೆ ನಮ್ಮೂರಲ್ಲಿ ಯಾರಿಗೂ ಗೊತ್ತಾಗಲ್ಲ' ಎಂದರು. ಮಾಧ್ಯಮದ ಪ್ರಶ್ನೆಯನ್ನು ಕುರಿತು ನಾನು ಭಾಗವಹಿಸಿದ ಎಷ್ಟೋ ವಿಚಾರಸಂಕಿರಣಗಳಲ್ಲಿ ಈ ಕಾರಣವನ್ನು ಯಾರೂ ಮುಂದಿಟ್ಟಿರಲಿಲ್ಲ.

6

ಹಾರ್ಲೆಂನ ಗುಂಪುಗಳಲ್ಲಿ ಲೆಬೊವ್ ಕಂಡ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅಲ್ಲಿ ಗುಂಪಿನ ಕೇಂದ್ರದಲ್ಲಿದ್ದ ಹುಡುಗರೇ ಬೀದಿಯ ನುಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು, ಶಾಲೆಯ ಓದಿನಲ್ಲಿ ಹಿಂದುಳಿದಿದ್ದರು. ಶಾಲೆಯ ನುಡಿಗೆ ಒಲಿದವರು ಗುಂಪಿನ ಅಂಚಿನವರು. ಅಂದರೆ ಗುಂಪು ಶಾಲೆಗೆ ಎದುರಾಗಿ ನಿಂತಿತ್ತು. ನಮ್ಮ ತರಗತಿಯಲ್ಲಿ ಸ್ಥಿತಿ ಬೇರೆ. ಮನೆಯಲ್ಲಿ 'ಆಲು' ಕುಡಿದು ಬಂದವರೇ ತರಗತಿಯಲ್ಲಿ 'ಹಾಲು' ಎನ್ನದವನನ್ನು ಅಂಚಿಗೆ ತಳ್ಳುತ್ತಾರೆ. ಶಿಷ್ಟ ಭಾಷೆಯ ಯಾಜಮಾನ್ಯಕ್ಕೆ ಇಲ್ಲಿ ಕಾವಲುಗಾರರ ಅಗತ್ಯವಿಲ್ಲ. ಮಕ್ಕಳೇ ಆ ಕೆಲಸವನ್ನು ನಗುನಗುತ್ತ ಮಾಡುತ್ತಾರೆ. ಡಿ. ಎನ್. ಶಂಕರ ಭಟ್ಟರು 'ಕನ್ನಡ ಬರಹವನ್ನು ಸರಿಪಡಿಸೋಣ' ಎಂಬ ಪುಸ್ತಕದಲ್ಲಿ ಬರಹಕ್ಕೂ ಮಾತಿಗೂ ನಡುವಿನ ಅಂತರವು ಎಲ್ಲರನ್ನೂ ಸಮಾನವಾಗಿ ಕಾಡುವುದಿಲ್ಲ ಎಂಬ ನೆಲೆಯಿಂದ ಮಹಾಪ್ರಾಣಗಳನ್ನು ಬರಹದಿಂದ ಬಿಡಬೇಕೆಂದು ವಾದಿಸಿದರು. ಅವರ ಸೂಚನೆಯನ್ನು ಒಪ್ಪುವುದು ಬಿಡುವುದು ಬೇರೆ ಪ್ರಶ್ನೆ. ನಾನೇ ಪೂರ್ತಿಯಾಗಿ ಒಪ್ಪಿದವನಲ್ಲ. ಆದರೆ ಅಕ್ಷರವೊಂದರ ಹೊರೆ ಯಾವ ಮಗುವಿನ ಬೆನ್ನಿಗೆ ಬೀಳುತ್ತದೆಂಬ ಅವರ ಪ್ರಶ್ನೆಯನ್ನು ಪರ-ವಿರೋಧಗಳ ಭರದಲ್ಲಿ ನಾವು ಕೇಳಿಸಿಕೊಳ್ಳಲಿಲ್ಲ.

ನಗುವಿನ ಬಗ್ಗೆ ಒಂದು ಮಾತು ಉಳಿದಿದೆ. ದೊಡ್ಡಬಳ್ಳಾಪುರದ ನೇಕಾರ ಮನೆತನದಿಂದ ಬಂದ ಡಿ. ಆರ್. ನಾಗರಾಜ್ (1954-1998) ಅವರು ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಕುರಿತು ಬರೆಯುತ್ತ ಬಡವರ ನಗುವಿನಲ್ಲಿರುವ ಶಕ್ತಿಯನ್ನು ಗುರುತಿಸಿದರು. ಆಗ ಈ ಜಿಲ್ಲೆಗೇ ಸೇರಿದ್ದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಸಿದ್ಧಲಿಂಗಯ್ಯನವರು ಅವಮಾನದ ಪ್ರಸಂಗಗಳನ್ನೂ ನಗುತ್ತ ಹೇಳಬಲ್ಲವರಾಗಿದ್ದರು. ಬಸ್ ನಿಲ್ದಾಣದಲ್ಲಿ ಕಂಡ ನಗು ಅಂಥದೇ ಎಂದು ನಾನು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ತಾನು ಪಟ್ಟ ಪಾಡನ್ನು ತಾನೇ ಎತ್ತಿಕೊಂಡು ನಗುವುದಕ್ಕೂ, ಬೇರೆಯವರು ಕೊಟ್ಟ ಹೆಸರನ್ನು ಕಳಚಲಾಗದೆ ಅದರಲ್ಲೇ ನೆಲೆಸುವುದಕ್ಕೂ ವ್ಯತ್ಯಾಸವಿದೆ. ಮಾಲಗತ್ತಿಯವರಿಗೆ ಪುಸ್ತಕವಿತ್ತು. ಈ ಮನುಷ್ಯನಿಗೆ ಗಟ್ಟಿವಾಚನದ ಸರದಿಯೂ ಉಳಿದಿರಲಿಲ್ಲ.

ಶಿಕ್ಷಕರ ತರಬೇತಿಯಲ್ಲಿ ಆದರ್ಶವಾಚನ, ಅನುಕರಣವಾಚನ, ಉಚ್ಚಾರಣೆಯ ತಿದ್ದುವಿಕೆ ಎಂಬ ಹಂತಗಳನ್ನು ಈಗಲೂ ಕಲಿಸಲಾಗುತ್ತದೆ. ತಿದ್ದುವಿಕೆ ಬೇಡವೆಂಬುದು ನನ್ನ ವಾದವಲ್ಲ. ಬರಹದ ಕನ್ನಡ ಆ ಮಕ್ಕಳಿಗೂ ದಕ್ಕಲೇಬೇಕು. ಮಗು ಓದುತ್ತಿರುವಾಗ ನಡುವೆ ತಡೆಯದಿರುವುದು, ತಿದ್ದುಪಡಿಯನ್ನು ಹೆಸರು ಹಿಡಿಯದೆ ಇಡೀ ತರಗತಿಗೆ ಹೇಳುವುದು, ಅದಕ್ಕೂ ಮೊದಲು ಪ-ಹ ಕಥೆಯನ್ನು ಎಂಟನೆಯ ತರಗತಿಯಲ್ಲೇ ಹೇಳಿಬಿಡುವುದು ಸಾಧ್ಯ. ಎಂ.ಎ. ತರಗತಿಯವರೆಗೆ ಅದನ್ನು ಕಾದಿರಿಸಬೇಕಾದ ಕಾರಣವೇನೂ ಇಲ್ಲ. ಕಳೆದ ವರ್ಷ ನೆಲಮಂಗಲದ ಬಳಿಯ ಒಂದು ಶಾಲೆಯಲ್ಲಿ ಅತಿಥಿಯಾಗಿ ಮಾತಾಡುವ ಅವಕಾಶ ಬಂದಾಗ ಬೋರ್ಡಿನ ಮೇಲೆ ಪಕ್ಕಿ, ಹಕ್ಕಿ, ಅಕ್ಕಿ ಎಂದು ಬರೆದು ಈ ಕಥೆ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಹಾಗಾದ್ರೆ ಸಾರ್, ಮೊದ್ಲು ಹಕ್ಕಿ ಅಂದೋರ್ನ ಪಕ್ಕಿ ಅನ್ನೋರು ರೇಗಿಸ್ತಿದ್ರಾ' ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ 'ರೇಗಿಸ್ದೆ ಇರ್ತಾರಾ' ಎಂದರು. ನಾನು ಪಾಠ ಮುಂದುವರಿಸಿದೆ.